ಗೂಡು ನೇಯುವವರು ಯಾರು?

ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ ಉದಗಾಂವವೆಂಬ ಊರಿದೆ. ಸುತ್ತಲೂ ಕಬ್ಬಿನ ಸೀಮೆ. ಅಲ್ಲಿ ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಮರಾಠಿ ಓದುವ ಮಗುವಿಗೂ, ಇಲ್ಲಿ ಮಲಯಾಳದ ನಡುವೆ ಬೆಳೆಯುವ ನಮ್ಮ ಮಗುವಿಗೂ ಒಂದು ಸಮಾನ ಕಷ್ಟವಿದೆ. ಕಣ್ಣೆದುರಿನ ಹಕ್ಕಿಯ ಹೆಸರು ಒಂದು ಭಾಷೆಯಲ್ಲಿ, ಅದರ ಪಾಠ ಇನ್ನೊಂದು ಭಾಷೆಯಲ್ಲಿ.

ನಮ್ಮ ಗೀಜಗವನ್ನು ಮರಾಠಿಯಲ್ಲಿ ಸುಗರಣ ಎನ್ನುತ್ತಾರೆ. ಜಾಣ ಗೃಹಿಣಿಗೂ ಅದೇ ಹೆಸರು. ಹೆಸರು ಸೊಗಸಾಗಿದೆ, ಆದರೆ ಗೂಡು ನೇಯುವುದು ಗಂಡು ಹಕ್ಕಿ! ಸಲೀಂ ಅಲಿಯವರು 1930ರಲ್ಲಿ ಅಲಿಬಾಗಿನ ಬಳಿಯ ಕಿಹೀಮ್‌ನಲ್ಲಿ ಕುಳಿತು ಈ ಸಂಸಾರವನ್ನು ದಿನಗಟ್ಟಲೆ ನೋಡಿದರು. ಗಂಡು ಭತ್ತದ, ಕಬ್ಬಿನ, ತಾಳೆಯ ಗರಿಗಳಿಂದ ಉದ್ದುದ್ದ ಎಳೆ ಸೀಳಿ ತಂದು ಹೆಣೆಯುತ್ತದೆ. ಒಂದು ಗೂಡಿಗೆ ಐನೂರರಷ್ಟು ಸಲ ಹಾರಾಟ, ಸುಮಾರು ಹದಿನೆಂಟು ದಿನದ ದುಡಿಮೆ. ಅರ್ಧ ಕಟ್ಟಿ, ಟೊಪ್ಪಿಯಂತಾದಾಗ ಹೆಣ್ಣು ಬಂದು ಪರೀಕ್ಷೆ ಮಾಡುತ್ತದೆ. ಒಪ್ಪಿದರೆ ಮಾತ್ರ ಕೊಳವೆಯ ಬಾಗಿಲು. ಒಪ್ಪದಿದ್ದರೆ ಅರೆಗೂಡು ಹಾಗೇ ನೇತಾಡುತ್ತದೆ. ಒಪ್ಪಿಗೆ ಸಿಕ್ಕ ಗಂಡಾದರೂ ಮೊಟ್ಟೆಗೆ ಕಾವು ಕೊಡುತ್ತದೆಯೇ? ಇಲ್ಲ, ಇನ್ನೊಂದು ಗೂಡಿಗೆ ಕೈಹಚ್ಚಿ ಇನ್ನೊಬ್ಬಳನ್ನು ಕರೆಯುತ್ತದೆ! (ಈ ಭಾಗವನ್ನು ಮಕ್ಕಳಿಗೆ ಹೇಗೆ ಹೇಳಬೇಕೆಂಬುದನ್ನು ಹಿರಿಯರ ವಿವೇಕಕ್ಕೆ ಬಿಟ್ಟಿದ್ದೇವೆ.)

ಇದನ್ನು ಮನೆಮಾತಿನಲ್ಲಿ ಕೇಳಿದ ಮಗು ಸುಮ್ಮನಿರುವುದಿಲ್ಲ, 'ಯಾಕೆ?' ಎಂದು ಮರುಪ್ರಶ್ನೆ ಹಾಕುತ್ತದೆ. ಪರಭಾಷೆಯಲ್ಲಿ ಬಾಯಿಪಾಠ ಮಾಡಿದ ಮಗು ಅಂಕ ಗಳಿಸೀತು, ಪ್ರಶ್ನೆ ಕೇಳುವುದು ಅಪರೂಪ. ಭಾಷಾ ಅಲ್ಪಸಂಖ್ಯಾತರ ಹಕ್ಕೆಂದರೆ ನಾಮಫಲಕ, ಅರ್ಜಿ ನಮೂನೆಗಳಷ್ಟೇ ಎಂದು ನಾವು ತಿಳಿದಂತಿದೆ. ವಿಜ್ಞಾನವನ್ನು ತನ್ನ ಮಾತಿನಲ್ಲಿ ಕೇಳುವುದೂ ಮಗುವಿನ ಹಕ್ಕೇ. ನೆರೆಯ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 1936ರಲ್ಲೇ 'ಬಾಲ ಪ್ರಪಂಚ'ವನ್ನು ಕೊಟ್ಟರು. ಅಷ್ಟು ಹಿಂದೆ ಒಬ್ಬರಿಂದ ಸಾಧ್ಯವಾದದ್ದು ಇಂದು ನಮ್ಮ ಸಂಘಸಂಸ್ಥೆಗಳಿಗೆ ಅಸಾಧ್ಯವೇ? ವಾರ್ಷಿಕೋತ್ಸವದ ಶಾಲು, ಹಾರಗಳ ಖರ್ಚಿನಲ್ಲಿ ಒಂದು ಪಾಲನ್ನು ಶಾಲಾ ವಾಚನಾಲಯದ ಕನ್ನಡ ವಿಜ್ಞಾನ ಪುಸ್ತಕಗಳಿಗೆ ತೆಗೆದಿಡಲಿ. ಹಾಗೆ ಕೊಂಡ ಪುಸ್ತಕಗಳು ಬೀಗ ಹಾಕಿದ ಕಪಾಟು ಸೇರದಿರಲಿ.

ಅಷ್ಟರವರೆಗೆ ಅಜ್ಜ-ಅಜ್ಜಿಯರೇ ಆರಂಭಿಸಬಹುದು. ಗೀಜಗ ಬೆಳಕಿಗಾಗಿ ಗೂಡಿನೊಳಗೆ ಮಿಂಚುಹುಳು ಅಂಟಿಸುತ್ತದೆಂಬ ಕಥೆಯುಂಟಲ್ಲ, ಅದರಲ್ಲಿ ಮಿಂಚುಹುಳು ಸುಳ್ಳು, ಒಳಗಿನ ಮಣ್ಣಿನ ಉಂಡೆ ನಿಜ. ಗಾಳಿಗೆ ಗೂಡು ಹೆಚ್ಚು ತೂಗದಿರಲೆಂದು ಮಣ್ಣು ಮೆತ್ತುತ್ತದೆಂಬುದು ಕೆಲವರ ಊಹೆ. ಮಳೆಗಾಲ ಕಳೆದ ಮೇಲೆ ಉದುರಿಬಿದ್ದ ಹಳೆಯ ಗೂಡು ಸಿಕ್ಕರೆ ಮಕ್ಕಳೇ ಬಿಡಿಸಿ ನೋಡಲಿ. ಮರದಲ್ಲಿ ತೂಗುತ್ತಿರುವುದನ್ನು ಮಾತ್ರ ಮುಟ್ಟುವುದು ಬೇಡ.