ಎಣಿಸದವರ ಲೆಕ್ಕ ಯಾರು ಬರೀಬೇಕು?



ಕಚೇರಿಗೆ ಹೋಗಿ ನಮ್ಮ ಕೇರಿಯ ಕಷ್ಟ ಹೇಳಿದರೆ ಸಾಹೇಬರು ತಲೆ ಎತ್ತದೇ ಕೇಳುವುದು ಒಂದೇ ಮಾತು: 'ಏನಯ್ಯಾ, ಲೆಕ್ಕ ಎಲ್ಲಿದೆ?' ನಾವು ಬಾಯಿ ಮುಚ್ಚಿಕೊಂಡು ವಾಪಸ್ ಬರುತ್ತೇವೆ. ಲೆಕ್ಕದ ಪುಸ್ತಕ ಅವರ ಬೀರುವಿನಲ್ಲಿ, ಬೀರುವಿನ ಕೀಲಿ ಅವರ ಸೊಂಟದಲ್ಲಿ. ಶಾನುಭೋಗರ ಕಾಲದಿಂದ ಇದೇ ನಡೆದಿದೆ. ದುಡಿದವರು ನಾವು, ಬರೆದವರು ಅವರು.

ಬರೆಯದೇ ಬಿಟ್ಟರೆ ಏನಾಗುತ್ತದೆ? ಮಲ ಹೊರುವವರ ಕತೆ ನೋಡಿ. 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. 1993ರಲ್ಲಿ ದಿಲ್ಲಿಯಲ್ಲೂ ಕಾನೂನು ಬಂತು. ಆಮೇಲೆ ಎಷ್ಟೋ ರಾಜ್ಯಗಳ ಅಧಿಕಾರಿಗಳು 'ನಮ್ಮಲ್ಲಿ ಅಂಥವರು ಯಾರೂ ಇಲ್ಲ' ಎಂದು ಬರೆದುಕೊಟ್ಟು ಕೈತೊಳೆದುಕೊಂಡರು. ಬೆಳಗಾದರೆ ಪೊರಕೆ, ಬುಟ್ಟಿ ಹಿಡಿದು ಹೊರಡುವ ತಾಯಂದಿರು ಕಾಗದದ ಮೇಲೆ ಇಲ್ಲವಾದರು. ಇಲ್ಲದವರಿಗೆ ಪರಿಹಾರ ಎಲ್ಲಿಂದ ಬರಬೇಕು?

ಈ ಸುಳ್ಳನ್ನು ಮುರಿದವರು ಎಣಿಸಿದವರು. ಕೋಲಾರದ ಚಿನ್ನದ ಗಣಿ ಊರಿನಲ್ಲಿ, ಅದೇ ಕಸುಬಿನ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಅವರ ಸಫಾಯಿ ಕರ್ಮಚಾರಿ ಆಂದೋಲನದ ಗೆಳೆಯರು ಊರೂರು ತಿರುಗಿ ಕಕ್ಕಸುಗಳ ಫೋಟೋ ತೆಗೆದರು, ದುಡಿಯುವವರ ಪಟ್ಟಿ ಮಾಡಿದರು, 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ದೇಶದ ಸುಮಾರು 7.94 ಲಕ್ಷ ಮನೆಗಳ ಕಕ್ಕಸನ್ನು ಮನುಷ್ಯರೇ ಬಳಿಯುತ್ತಿದ್ದಾರೆ ಎಂದು 2011ರ ಜನಗಣತಿಯೇ ಹೇಳಿತು. 2013ರಲ್ಲಿ ಹೊಸ ಕಾನೂನು ಬಂತು. 1993ರಿಂದ ಮ್ಯಾನ್‌ಹೋಲಿಗಿಳಿದು ಸತ್ತವರ ಮನೆಯವರನ್ನು ಗುರುತಿಸಿ ತಲಾ 10 ಲಕ್ಷ ಕೊಡಿ ಎಂದು 2014ರಲ್ಲಿ ಕೋರ್ಟು ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ಆದರೆ ಸತ್ತವನ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಈ ದುಡ್ಡು ಅವನ ಹೆಂಡತಿಯ ಕೈ ಸೇರುವುದಿಲ್ಲ. 'ಕಾಲು ಜಾರಿ ಬಿದ್ದ' ಎಂದು ಯಾರೋ ಬರೆದರೆ ಮುಗೀತು.

ಹಾಸ್ಟೆಲಿನ ಹುಡುಗ ಹುಡುಗಿಯರಿಗೆ ಇದನ್ನು ಯಾಕೆ ಹೇಳುತ್ತಿದ್ದೇವೆ? ಅಪ್ಪ ಹೆಬ್ಬೆಟ್ಟು ಒತ್ತಿದ ಕಾಗದವನ್ನು ಓದಬಲ್ಲವರು ನೀವು. ರಜಕ್ಕೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಹಿಡಿದು ಮನೆ ಮನೆ ತಿರುಗಿ. ಗುಂಡಿಗೆ ಇಳಿದವರು ಯಾರು, ಇಳಿಸಿದವರು ಯಾರು, ಯಾವ ದಿನ, ಕೂಲಿ ಎಷ್ಟು, ಎಲ್ಲಾ ಬರೆಯಿರಿ. ಒಪ್ಪಿಗೆ ಕೇಳಿಯೇ ಹೆಸರು ಬರೆಯಿರಿ. ಹೆಸರು ಹೊರಗೆ ಬಿದ್ದರೆ ಕೂಲಿ ಕಳಕೊಳ್ಳುವವರು ಅವರು. ಒಂದಿದ್ದದ್ದನ್ನು ಎರಡು ಮಾಡಬೇಡಿ. ಒಂದು ಸುಳ್ಳು ಅಂಕಿ ಸಿಕ್ಕರೆ ಸಾಹೇಬರು ನೂರು ನಿಜವನ್ನೂ ಕಸದ ಬುಟ್ಟಿಗೆ ಹಾಕುತ್ತಾರೆ. ಹೆಸರು ಬಿಟ್ಟು ಉಳಿದ ಲೆಕ್ಕವನ್ನು ಕೇರಿಯಲ್ಲಿ ಗಟ್ಟಿಯಾಗಿ ಓದಿ. ತಪ್ಪಿದ್ದರೆ ಹಿರಿಯರು ತಿದ್ದುತ್ತಾರೆ.

ಆಮೇಲೆ ಆ ಲೆಕ್ಕ ಹಿಡಿದು ಗ್ರಾಮಸಭೆಗೆ, ಪುರಸಭೆಗೆ ಹೋಗಿ. ಸರ್ಕಾರದ ಸಮೀಕ್ಷೆಯಲ್ಲಿ ಬಿಟ್ಟುಹೋದವರು ತಾವೇ ಅರ್ಜಿ ಕೊಡಲು 2013ರ ಕಾನೂನಿನಲ್ಲಿ ಅವಕಾಶವಿದೆ. ಆ ಅರ್ಜಿಯನ್ನು ಕೂತು ಬರೆದುಕೊಡಿ. ಅವರ ಹತ್ತಿರ ಇರುವ ಪಟ್ಟಿ ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾನೂನು ಇದೆ. 10 ರೂಪಾಯಿ ಕಟ್ಟಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಬಡತನದ ರೇಖೆಗಿಂತ ಕೆಳಗಿನವರು ಆ 10 ರೂಪಾಯಿಯನ್ನೂ ಕಟ್ಟಬೇಕಾಗಿಲ್ಲ.

ಬಾಬಾಸಾಹೇಬರು 1927ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಶಿಕ್ಷಣದ ಅನುದಾನದ ಬಗ್ಗೆ ಮಾತಾಡಿದಾಗ ಸರ್ಕಾರದ ಅಂಕಿಗಳನ್ನೇ ಸರ್ಕಾರದ ಮುಖಕ್ಕೆ ಹಿಡಿದರು. ಬೇಡಲಿಲ್ಲ, ಲೆಕ್ಕ ಕೇಳಿದರು. ಆ ದಾರಿ ನಮಗೆ ಹೊಸದೇನಲ್ಲ.

ಇನ್ನು ಮೇಲೆ ಯಾರಾದರೂ 'ಲೆಕ್ಕ ಎಲ್ಲಿದೆ?' ಅಂದರೆ, 'ನಮ್ಮದು ಇಲ್ಲಿದೆ ಸ್ವಾಮಿ, ಈಗ ನಿಮ್ಮದು ತೆಗೀರಿ' ಅನ್ನೋಣ.

ಜೈಭೀಮ್.