ಹೆಸರು ಹಲವು, ರೋಗಿ ಒಬ್ಬರೇ

ಒಂದೇ ವಸ್ತುವಿಗೆ ಹಲವು ಹೆಸರುಗಳಿರುವುದು ಭಾಷೆಗೆ ಸಂಪತ್ತು. ರೋಗಿಯ ದಾಖಲೆಗೆ ಅದೇ ವಿಪತ್ತು. ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ.

ಕಳೆದ ವರ್ಷ ನನ್ನ ಗೃಹಿಣಿಗೆ ತೀವ್ರವಾದ ಜ್ವರ ಬಂದು, ಆಕೆಯನ್ನು ಆಸ್ಪತ್ರೆಯೊಂದಕ್ಕೆ ಕರೆದೊಯ್ಯಬೇಕಾಯಿತು. ಪೆನಿಸಿಲಿನ್ ಆಕೆಯ ಮೈಗೆ ಒಗ್ಗದು. ಈ ಸಂಗತಿಯು ಅದೇ ಆಸ್ಪತ್ರೆಯ ಗಣಕಯಂತ್ರದಲ್ಲಿ ಹಿಂದೆಯೇ ದಾಖಲಾಗಿದ್ದಿತು. ಆದರೆ ಆಗ ಆಕೆಯ ಹೆಸರಿನ ಮುಂದೆ ತಂದೆಯ ಹೆಸರಿನ ಮೊದಲಕ್ಷರವಿದ್ದಿತು. ಈ ಸಲ ಹೆಸರಿನ ಕೊನೆಗೆ ನನ್ನ ಹೆಸರು ಸೇರಿತು. ಜನ್ಮದಿನಾಂಕವನ್ನು ಕೇಳದೆ ವಯಸ್ಸನ್ನು ಅಂದಾಜಿನಿಂದ ಬರೆದುಕೊಂಡರು. ಯಂತ್ರವು ಆಕೆಯನ್ನು ಹೊಸಬಳೆಂದೇ ಎಣಿಸಿತು. ಸೂಜಿಮದ್ದನ್ನು ಹಿಡಿದು ಬಂದ ದಾದಿಯು, "ಅಮ್ಮಾ, ಯಾವುದಾದರೂ ಔಷಧ ನಿಮಗೆ ಆಗುವುದಿಲ್ಲವೇ?" ಎಂದು ಕೇಳಿದ ಪುಣ್ಯದಿಂದ ಅನರ್ಥವು ತಪ್ಪಿತು. ಜ್ವರದ ಮಂಪರಿನಲ್ಲಿ ಆಕೆ ಉತ್ತರ ಕೊಡಲಾರದೆ ಹೋಗಿದ್ದರೆ ಗತಿಯೇನು?

ರೋಗಗಳ ಹೆಸರಿನಲ್ಲಿಯೂ ಇದೇ ತೊಡಕುಂಟು. ಮಧುಮೇಹ, ಸಕ್ಕರೆ ಕಾಯಿಲೆ, ಡಯಾಬಿಟೀಸ್ ಎಂದು ಮೂರು ಬಗೆಯಾಗಿ ಬರೆದರೂ ವೈದ್ಯರಿಗೆ ಅರ್ಥವೊಂದೇ. ಅಕ್ಷರಗಳನ್ನಷ್ಟೇ ಹೋಲಿಸಿ ನೋಡುವ ಯಂತ್ರಕ್ಕೆ ಅವು ಮೂರು ಬೇರೆ ಶಬ್ದಗಳು. ಅಮರಸಿಂಹನು ರೋಗ, ವ್ಯಾಧಿ, ಆಮಯ ಮೊದಲಾದ ಪರ್ಯಾಯಪದಗಳನ್ನು ಒಂದೆಡೆ ಕೂಡಿಸಿದನಷ್ಟೆ. ಸ್ನೋಮೆಡ್ ಸಿ.ಟಿ. ಎಂಬ ಈಗಿನ ವೈದ್ಯಕೋಶವೂ ಹಾಗೆಯೇ ಪರ್ಯಾಯಪದಗಳನ್ನು ಕೂಡಿಸಿ, ಒಂದೊಂದು ಅರ್ಥಕ್ಕೂ ಒಂದೊಂದು ಸಂಖ್ಯೆಯನ್ನು ಕೊಡುತ್ತದೆ. ಪದಗಳು ಬೇರೆಯಾದರೂ ಸಂಖ್ಯೆಯಿಂದ ಅರ್ಥವು ನಿಶ್ಚಿತವಾಗುವುದು.

ಅಳತೆಗಳಿಗೂ ಏಕರೂಪತೆ ಬೇಕು. ರಕ್ತದ ಸಕ್ಕರೆಯನ್ನು ನಮ್ಮಲ್ಲಿ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದೂ ಇಂಗ್ಲೆಂಡಿನಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್ ಎಂದೂ ಎಣಿಸುವರು. ಇಲ್ಲಿಯ 126 ಅಲ್ಲಿಯ 7. ಮಗನ ಮನೆಗೆಂದು ಲಂಡನ್ನಿಗೆ ಹೋದ ಮುದುಕರು ಮಾನವನ್ನು ಬಿಟ್ಟು ಅಂಕೆಯನ್ನಷ್ಟೇ ಹೇಳಿದರೆ ಗೊಂದಲವಾಗದಿರದು.

ಭಾರತ ಸರಕಾರವು ಇಂತಹ ದಾಖಲೆಗಳಿಗೆ 2013ರಲ್ಲಿ ಮಾನದಂಡಗಳನ್ನು ಪ್ರಕಟಿಸಿ, 2016ರಲ್ಲಿ ಅವನ್ನು ಪರಿಷ್ಕರಿಸಿತು. 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ವಿಸ್ತರಿಸಿದ ಆಯುಷ್ಮಾನ್ ಭಾರತ ಡಿಜಿಟಲ್ ಮಿಷನ್ ಎಂಬ ಯೋಜನೆಯಲ್ಲಿ, ಇಚ್ಛೆಯುಳ್ಳವರಿಗೆ 14 ಅಂಕೆಗಳ 'ಆಭಾ' ಸಂಖ್ಯೆಯು ದೊರೆಯುತ್ತದೆ. ಬೇರೆ ಬೇರೆ ಆಸ್ಪತ್ರೆಗಳ ದಾಖಲೆಗಳನ್ನು ಅದಕ್ಕೆ ಜೋಡಿಸಬಹುದು. ರೋಗಿಯ ಸಮ್ಮತಿಯಿಲ್ಲದೆ ಒಬ್ಬರು ಮತ್ತೊಬ್ಬರಿಗೆ ಅವನ್ನು ತೋರಿಸತಕ್ಕುದಲ್ಲ.

ಆದರೂ ಮಾನದಂಡವು ಎಷ್ಟೇ ಉತ್ತಮವಾಗಿರಲಿ, ಮೊದಲು ಬರೆಸುವವರು ನಾವೇ. ತಪ್ಪಾಗಿ ಬರೆಸಿದುದನ್ನು ಯಂತ್ರವು ತಪ್ಪಾಗಿಯೇ ಕಾಪಾಡುವುದು. ಆದುದರಿಂದ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಹಾಳೆಯನ್ನು ಇಡುವುದು ಲೇಸು. ಗುರುತಿನ ಚೀಟಿಯಲ್ಲಿರುವಂತೆಯೇ ಹೆಸರು, ಜನ್ಮದಿನಾಂಕ, ಒಗ್ಗದ ಔಷಧ, ಇರುವ ರೋಗ, ನಿತ್ಯ ಸೇವಿಸುವ ಮಾತ್ರೆಯ ಮೂಲನಾಮ ಮತ್ತು ಪ್ರಮಾಣ, ಇಷ್ಟನ್ನು ಬರೆದಿಡಿರಿ. ಎಲ್ಲಿಗೆ ಹೋದರೂ ಅದರಂತೆಯೇ ಬರೆಯಿಸಿರಿ. ಬರೆದುಕೊಂಡವರಿಂದ ಒಮ್ಮೆ ಓದಿಸಿ ಕೇಳಿರಿ.

ನಮ್ಮ ಮನೆಯಲ್ಲಿ ಈಗ ಅಂತಹ ಎರಡು ಹಾಳೆಗಳಿವೆ. ಒಗ್ಗದ ಔಷಧದ ಹೆಸರನ್ನು ಆಕೆ ತನ್ನ ಹಾಳೆಯ ತುದಿಯಲ್ಲಿ ಕೆಂಪು ಮಸಿಯಿಂದ ತಾನೇ ಬರೆದಿದ್ದಾಳೆ.