ಮೂಲದ ಮೇಲೆ ಕೈಯಾಡಿಸುವವರು

ಗುರುವಿನ ಮಾತಿಗೆ ಹಗೆಗಳಿಂದ ಬರುವ ಕುತ್ತಿಗಿಂತ ಶಿಷ್ಯರಿಂದ ಬರುವ ಕುತ್ತೇ ದೊಡ್ಡದು. ಹಗೆಯಾದವನು ಅದನ್ನು ಅಲ್ಲಗಳೆಯುತ್ತಾನೆ, ಶಿಷ್ಯನೋ ತಿದ್ದುತ್ತಾನೆ. ಅಲ್ಲಗಳೆದ ಮಾತು ಪುಸ್ತಕದಲ್ಲಿ ಹಾಗೆಯೇ ಉಳಿದಿರುತ್ತದೆ. ತಿದ್ದಿದ ಮಾತಿನ ಸುಳಿವೂ ಮುಂದಿನವರಿಗೆ ಸಿಕ್ಕುವುದಿಲ್ಲ.

ಥಿಯಾಸಫಿಯ ಚರಿತ್ರೆಯನ್ನೇ ನೋಡಿ. 1875ರಲ್ಲಿ ನ್ಯೂಯಾರ್ಕಿನಲ್ಲಿ ಥಿಯಸಾಫಿಕಲ್ ಸೊಸೈಟಿಯನ್ನು ಸಂಗಡಿಗರೊಡನೆ ಸ್ಥಾಪಿಸಿದ ಮೇಡಮ್ ಬ್ಲಾವಟ್‌ಸ್ಕಿಯವರು 1888ರಲ್ಲಿ ‘ಸೀಕ್ರೆಟ್ ಡಾಕ್ಟ್ರಿನ್’ ಗ್ರಂಥವನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿ, 1891ರಲ್ಲಿ ತೀರಿಕೊಂಡರು. ಎರಡೇ ವರ್ಷಕ್ಕೆ ಅದರ ‘ಪರಿಷ್ಕೃತ’ ಆವೃತ್ತಿ ಹೊರಟಿತು. 1897ರಲ್ಲಿ, ಅವರು ಉಳಿಸಿಹೋದ ಬರಹಗಳಿಂದ ಆರಿಸಿ, ಆನಿ ಬೆಸೆಂಟರು ಮೂರನೆಯ ಸಂಪುಟವನ್ನೂ ಸೇರಿಸಿದರು. ಸೊಸೈಟಿಯು ಮೂಲ ಬೋಧೆಯಿಂದ ದೂರ ಸರಿಯಿತೆಂದು ಬಿ. ಪಿ. ವಾಡಿಯಾ 1922ರಲ್ಲಿ ಅದನ್ನು ಬಿಟ್ಟು ಯುನೈಟೆಡ್ ಲಾಡ್ಜ್ ಆಫ್ ಥಿಯಾಸಫಿಸ್ಟ್ಸ್ ಬಳಗವನ್ನು ಸೇರಿದರು. 1945ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಸ್ಥಾಪಿಸಿದವರು ಇವರೇ. ಆ ಬಳಗದವರು 1888ರ ಪುಟಗಳನ್ನು ಪಡಿಯಚ್ಚಾಗಿಯೇ ಮುದ್ರಿಸಿ ಹಂಚಿದರು. ಕೊನೆಗೆ ಅಡ್ಯಾರಿನ ಸೊಸೈಟಿಯವರೂ 1978ರಲ್ಲಿ ಮೊದಲ ಪಾಠವನ್ನೇ ಆಧರಿಸಿದ ಆವೃತ್ತಿಯನ್ನು ತಂದರು. ತೊಂಬತ್ತು ವರ್ಷ ಸುತ್ತಿ ಹೊರಟಲ್ಲಿಗೇ ಬಂದಂತಾಯಿತು!

ಭಾವ ಉಳಿದರೆ ಸಾಲದೆ, ಅಕ್ಷರದ ಹಟವೇಕೆ ಎನ್ನುವವರುಂಟು. ದಾವಣಗೆರೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನಾನು ಈ ವಾದವನ್ನು ಒಪ್ಪಲಾರೆ. ಬಸವಣ್ಣನವರ ವಚನಗಳಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತವನ್ನು ತೆಗೆದು ‘ಲಿಂಗದೇವ’ ಎಂದು ಮಾತೆ ಮಹಾದೇವಿಯವರು ಅಚ್ಚುಮಾಡಿಸಿದುದು ನಮಗೆ ತಿಳಿದೇ ಇದೆ. 1998ರಲ್ಲಿ ಸರ್ಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ತಿದ್ದಿದುದು ತಪ್ಪು; ಆದರೆ ಮುಟ್ಟುಗೋಲು ಅದಕ್ಕೆ ಮದ್ದಲ್ಲ. ಮೂಲವನ್ನು ಕಾಯುವುದು ಪೊಲೀಸರ ಕೆಲಸವಲ್ಲ, ಸಂಪಾದಕನ ಕೆಲಸ. ಅವನು ಮೂಲವನ್ನು ಇದ್ದಂತೆ ಮೇಲೆ ಕೊಡಲಿ; ತನ್ನ ಮಾತನ್ನು ತನ್ನ ಹೆಸರಿನಲ್ಲಿ ಕೆಳಗೆ ಬರೆಯಲಿ.

ಹಾಗೆಂದು ಪಡಿಯಚ್ಚನ್ನು ಪೂಜೆಗಿಡುವವರ ಪಕ್ಷವೂ ನನ್ನದಲ್ಲ. ಓದದೆ ಕಾಯ್ದ ಗ್ರಂಥ ಗೆದ್ದಲಿಗೆ ಮೀಸಲು. ಇಂಥ ಹಿಂದಿನ ಪ್ರಯತ್ನಗಳೆಲ್ಲ ಒಂದೊಂದು ಪಂಥವಾಗಿ ಕೆಟ್ಟವೆಂದು ಬ್ಲಾವಟ್‌ಸ್ಕಿಯವರೇ 1889ರ ‘ಕೀ ಟು ಥಿಯಾಸಫಿ’ಯಲ್ಲಿ ಎಚ್ಚರಿಸಿದ್ದಾರೆ. ವ್ಯಾಖ್ಯಾನ ಬೇಕು, ಕನ್ನಡದಲ್ಲಿಯೂ ಬೇಕು. ಆದರೆ ಥಿಯಾಸಫಿಯನ್ನು ‘ಬ್ರಹ್ಮವಿದ್ಯೆ’ ಎಂದೊಡನೆ ನಮ್ಮ ಓದುಗನು ಉಪನಿಷತ್ತನ್ನು ನೆನೆಯುತ್ತಾನೆ. 1880ರಲ್ಲಿ ಸಿಂಹಳದ ಗಾಲ್ ಪಟ್ಟಣದಲ್ಲಿ ಪಂಚಶೀಲ ಸ್ವೀಕರಿಸಿದ ಬ್ಲಾವಟ್‌ಸ್ಕಿ ಮರೆಯಾಗುತ್ತಾರೆ. ಆ ಪದವನ್ನು ಬಳಸಬಾರದೆಂದಲ್ಲ. ಅದು ಅನುವಾದಕನ ಪದವೆಂದು ತಿಳಿಸಬೇಕು. ಜಾತಿ, ಮತ, ವರ್ಣ, ಹೆಣ್ಣು-ಗಂಡೆಂಬ ಭೇದವಿಲ್ಲದ ಮಾನವ ಸೋದರತ್ವವೇ ಸೊಸೈಟಿಯ ಮೊದಲ ಗುರಿ. ಅದನ್ನು ಬದಿಗೊತ್ತಿ ದಿವ್ಯದೃಷ್ಟಿಯ ಕಥೆಗಳನ್ನೇ ಹೇಳುತ್ತ ಕೂರುವುದು ವ್ಯಾಖ್ಯಾನವಲ್ಲ, ವಂಚನೆ.

ನಮ್ಮ ನೆರೆಯ ಹರಿಹರದ ಗುಡಿಯಿಂದ ಇವರು ಪಾಠ ಕಲಿಯಲಿ. 1224ರ ಸುಮಾರಿಗೆ ಅದನ್ನು ಕಟ್ಟಿಸಿದವನು ಹೊಯ್ಸಳರ ಪೋಲಾಳ್ವ ದಂಡನಾಯಕ. 1268ರಲ್ಲಿ ಅದಕ್ಕೆ ಕೆಲವನ್ನು ಸೇರಿಸಿದವನು ಸೋಮ ದಂಡನಾಯಕ. ಸೇರಿಸಿದವನು ಕಟ್ಟಿಸಿದವನ ಹೆಸರನ್ನು ಅಳಿಸಲಿಲ್ಲ, ತನ್ನ ಕೆಲಸಕ್ಕೆ ಅವನ ಹೆಸರನ್ನು ಅಂಟಿಸಲೂ ಇಲ್ಲ. ಏಳೂವರೆ ಶತಮಾನ ಕಳೆದ ಮೇಲೂ ಯಾರದು ಯಾವ ಕೆಲಸವೆಂದು ನಾವು ಹೇಳಬಲ್ಲೆವು. ಕಲ್ಲಿನ ಕೆಲಸದವರಿಗಿದ್ದ ಈ ನಿಯತ್ತು ಅಕ್ಷರದ ಕೆಲಸದವರಿಗೆ ಭಾರವೇ?